ಜೋಳದ ಕಣದಿಂದ ಕೋಳಿ ಗೂಡಿಗೆ: 50 ಹೇಂಟೆಗಳ ಮೇವಿನ ಲೆಕ್ಕ

23 ನವೆಂಬರ್ 2025, ಭಾನುವಾರ
ಶಿಡ್ಲಘಟ್ಟ ತಾಲ್ಲೂಕು

ಮುಸುಕಿನಜೋಳ ಕಣಕ್ಕೆ ಬಂದಿದೆ. ಕೇಂದ್ರ ಸರ್ಕಾರ 2025-26ಕ್ಕೆ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ, ಮಾರುಕಟ್ಟೆಯಲ್ಲಿ ನಡೆಯುತ್ತಿರುವುದು ಅದಕ್ಕಿಂತ ಕೆಳಗೆ. ಬೆಳೆದವರ ಸಂಕಟ ಕಣ್ಣೆದುರಿಗೇ ಇದೆ. ಕೋಳಿ ಸಾಕುವವರು ಮಾಡಬಹುದಾದ ಒಂದು ಒಳ್ಳೆಯ ಕೆಲಸವೆಂದರೆ ದಲ್ಲಾಳಿಯನ್ನು ಬಿಟ್ಟು, ಪಕ್ಕದ ಹೊಲದವರಿಗೇ ಬೆಂಬಲ ಬೆಲೆ ಕೊಟ್ಟು ಆರು ತಿಂಗಳ ಜೋಳವನ್ನು ಈಗಲೇ ಕೊಳ್ಳುವುದು. ಅವರಿಗೂ ನಷ್ಟವಿಲ್ಲ, ಬೇಸಿಗೆಯಲ್ಲಿ ಅಂಗಡಿಯಿಂದ ಹತ್ತು ಹತ್ತು ಕೆಜಿ ತರುವ ಖರ್ಚೂ ನಮಗೆ ತಪ್ಪುತ್ತದೆ. 50 ಹೇಂಟೆಗಳಿಗೆ ಆರು ತಿಂಗಳಿಗೆ ಸುಮಾರು 5 ಕ್ವಿಂಟಲ್ ಸಾಕು.

ಆದರೆ ಈಗ ಕೊಂಡ ಜೋಳ ಹಸಿ. ಹಾಗೇ ಚೀಲಕ್ಕೆ ತುಂಬಿಟ್ಟರೆ ತಿಂಗಳೊಳಗೆ ನಡುವಿನ ಕಾಳು ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟಿನಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ವಿಷ ಹುರಿದರೂ ಬೇಯಿಸಿದರೂ ಹೋಗುವುದಿಲ್ಲ. ಕೋಳಿ ತಟ್ಟನೆ ಸಾಯದೆ ಇರುವುದರಿಂದ ಇದರ ಹಾನಿ ಗೊತ್ತೇ ಆಗುವುದಿಲ್ಲ: ಮೇವು ಕಡಿಮೆ ತಿನ್ನುತ್ತದೆ, ಮೊಟ್ಟೆ ಇಳಿಯುತ್ತದೆ, ರೋಗ ಬಂದರೆ ತಡೆಯುವ ಶಕ್ತಿ ಇರುವುದಿಲ್ಲ. ಕೊಯ್ದು ನೋಡಿದರೆ ಪಿತ್ತಜನಕಾಂಗ ಊದಿ ಬಿಳಿಚಿಕೊಂಡಿರುತ್ತದೆ. ತೇವ 12 ಶೇಕಡಾಕ್ಕೆ ಇಳಿಯುವವರೆಗೆ ಕಾಳನ್ನು ತಾಡಪಾಲಿನ ಮೇಲೆ ತೆಳ್ಳಗೆ ಹರಡಿ ಒಣಗಿಸಬೇಕು, ಸಂಜೆ ಇಬ್ಬನಿ ಬೀಳುವ ಮೊದಲೇ ಮುಚ್ಚಬೇಕು. ತೇವ ಅಳೆಯುವ ಯಂತ್ರ ಇಲ್ಲದಿದ್ದರೆ ಉಪ್ಪಿನ ಪರೀಕ್ಷೆ ಇದೆ. ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಆರಿಸಿದ ಪುಡಿ ಉಪ್ಪನ್ನು ಎರಡು ಚಮಚ ಒಣ ಗಾಜಿನ ಬಾಟಲಿಗೆ ಹಾಕಿ, ಒಂದು ಹಿಡಿ ಕಾಳು ಸೇರಿಸಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ ಹದಿನೈದು ನಿಮಿಷ ಬಿಡಬೇಕು. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವ 15 ಶೇಕಡಾಕ್ಕಿಂತ ಹೆಚ್ಚು. ಅಂಟದಿದ್ದರೂ ಇನ್ನೆರಡು ಬಿಸಿಲು ಕೊಟ್ಟೇ ತುಂಬುವುದು ಒಳ್ಳೆಯದು. ಚೀಲಗಳು ಹಲಗೆಯ ಮೇಲಿರಲಿ, ಗೋಡೆಗೆ ಒಂದು ಅಡಿ ದೂರ. ಪೂರ್ತಿ ಕಾಳಾಗಿಯೇ ಇಡಬೇಕು, ನುಚ್ಚು ಮಾಡಿಸಿದ ಜೋಳ ಬಹಳ ಬೇಗ ಕೆಡುತ್ತದೆ.

ರಾಗಿ ಸೀಮೆಯಲ್ಲಿ ಜೋಳವೇಕೆ ಎಂದು ಕೇಳುವವರಿದ್ದಾರೆ. ಅಜ್ಜಿಯರ ಕಾಲದಲ್ಲಿ ಕೋಳಿ ಬದುಕಿದ್ದೇ ರಾಗಿ, ನುಚ್ಚಕ್ಕಿ ಮೇಲೆ, ನಿಜ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಹೈಬ್ರಿಡ್ ಬಿಳಿಜೋಳ 3,699, ಸಜ್ಜೆ 2,775. ಶಕ್ತಿಯ ಲೆಕ್ಕದಲ್ಲಿ ಇವುಗಳಲ್ಲಿ ಯಾವುದೂ ಮುಸುಕಿನಜೋಳವನ್ನು ಮೀರುವುದಿಲ್ಲ. ಮನುಷ್ಯರು ತಿನ್ನುವ ಒಳ್ಳೆಯ ರಾಗಿಯನ್ನು ಎರಡರಷ್ಟು ಬೆಲೆ ಕೊಟ್ಟು ಕೋಳಿಗೆ ಹಾಕುವುದರಲ್ಲಿ ಅರ್ಥವಿಲ್ಲ. ಕಣದಲ್ಲಿ ತೂರಿದ ಮೇಲೆ ಉಳಿಯುವ ಸಣ್ಣ ಕಾಳು, ಒಡಕು ರಾಗಿ ಇದ್ದರೆ ಮಾತ್ರ ಅದು ಕೋಳಿಯ ಪಾಲು. ಜೋಳ ತುಟ್ಟಿಯಾದ ವರ್ಷ ಸಜ್ಜೆಯ ಕಡೆ ನೋಡಬಹುದು, ಅದರಲ್ಲಿ ಪ್ರೋಟೀನು ಜೋಳಕ್ಕಿಂತ ಸ್ವಲ್ಪ ಹೆಚ್ಚೇ ಇದೆ. ಹಳದಿ ಬಣ್ಣ ಮಾತ್ರ ಸಿಗುವುದಿಲ್ಲ, ಭಂಡಾರ (ಮೊಟ್ಟೆಯೊಳಗಿನ ಹಳದಿ ಭಾಗ) ಬಿಳಿಚಿಕೊಳ್ಳುತ್ತದೆ.

ದೊಡ್ಡ ತಪ್ಪು ಆಗುವುದು ಜೋಳದ ಖರೀದಿಯಲ್ಲಲ್ಲ, ಜೋಳವೊಂದನ್ನೇ ಹಾಕುವುದರಲ್ಲಿ. ಮುಸುಕಿನಜೋಳದಲ್ಲಿ ಪ್ರೋಟೀನು 9 ಶೇಕಡಾ. ಗೂಡಿನಲ್ಲೇ ಇರುವ ಹೇಂಟೆ ದಿನಕ್ಕೆ 115 ಗ್ರಾಂ ತಿಂದರೆ ಅದಕ್ಕೆ ದಕ್ಕುವುದು 10 ಗ್ರಾಂ ಪ್ರೋಟೀನು. ಚೆನ್ನಾಗಿ ಮೊಟ್ಟೆ ಇಡುವ ಕೋಳಿಗೆ ಬೇಕಾದದ್ದು 16–17 ಗ್ರಾಂ. ಮೊಟ್ಟೆ ನಿಲ್ಲುತ್ತದೆ, ತಿಂದ ಪಿಷ್ಟವೆಲ್ಲ ಹೊಟ್ಟೆಯ ಕೊಬ್ಬಾಗುತ್ತದೆ. ಗಿರಿರಾಜದಂಥ ದಪ್ಪ ಮೈಯ ತಳಿಗಳಲ್ಲಿ ಇದು ಬೇಗ ಕಾಣುತ್ತದೆ, ಬೇಸಿಗೆಯ ಬಿಸಿಲು ತಡೆಯದೆ ಮೊದಲು ಬೀಳುವುದೂ ಕೊಬ್ಬಿದ ಹೇಂಟೆಗಳೇ. ಹಿಂಡಿಯಲ್ಲಿ ಉಳಿಸಿದ ಹಣ ಮೊಟ್ಟೆಯಲ್ಲಿ ಹೋಗುತ್ತದೆ.

ಇಂದು ಕಲಸಿದ 50 ಕೆಜಿ ಮಿಶ್ರಣ ಹೀಗಿದೆ: ಜೋಳದ ನುಚ್ಚು 23 ಕೆಜಿ, ಕಣದ ಸಣ್ಣ ರಾಗಿ 5 ಕೆಜಿ, ಹೊಸ ಅಕ್ಕಿ ತೌಡು 6 ಕೆಜಿ, ಸೋಯಾ ಹಿಂಡಿ 8.5 ಕೆಜಿ, ಕಡಲೆಕಾಯಿ ಹಿಂಡಿ 2.5 ಕೆಜಿ, ಸುಣ್ಣಕಲ್ಲಿನ ನುಚ್ಚು 4 ಕೆಜಿ, ಕೋಳಿಗೆಂದೇ ಮಾರುವ ಖನಿಜ ಮಿಶ್ರಣ 1 ಕೆಜಿ. ಇದರ ಮೇಲೆ ಉಪ್ಪು 150 ಗ್ರಾಂ, ಮೆಥಿಯೊನಿನ್ (ಪ್ರೋಟೀನಿನ ಒಂದು ಘಟಕ) 50 ಗ್ರಾಂ, ವಿಟಮಿನ್ ಪುಡಿ ಪೊಟ್ಟಣದ ಮೇಲೆ ಬರೆದಷ್ಟು. ಪ್ರೋಟೀನು 16 ಶೇಕಡಾ, ಕ್ಯಾಲ್ಸಿಯಂ ಮೂರೂವರೆ ಶೇಕಡಾ ಆಸುಪಾಸು ಬರುತ್ತದೆ. ರಾಗಿ ಇಲ್ಲದಿದ್ದರೆ ಅಷ್ಟೂ ಜೋಳವೇ ಇರಲಿ, ಲೆಕ್ಕ ಕೆಡುವುದಿಲ್ಲ. ಹಾಗೆ ಮಾಡಿ ಜೋಳಕ್ಕೆ ಕೆಜಿಗೆ 24, ಎರಡೂ ಹಿಂಡಿಗೆ 45, ತೌಡಿಗೆ 20 ರೂಪಾಯಿ ಹಿಡಿದರೆ, ಉಳಿದ ಸಣ್ಣಪುಟ್ಟವೆಲ್ಲ ಸೇರಿ ಮಿಶ್ರಣ ಕೆಜಿಗೆ 29 ರೂಪಾಯಿಗೆ ನಿಲ್ಲುತ್ತದೆ. ದರ ಬದಲಾದಾಗ ಹಿಂಡಿಗಳನ್ನು ಹೋಲಿಸಬೇಕಾದದ್ದು ಚೀಲದ ಬೆಲೆಯಲ್ಲಲ್ಲ, ಒಂದು ಕೆಜಿ ಪ್ರೋಟೀನಿನ ಬೆಲೆಯಲ್ಲಿ: 45 ರೂಪಾಯಿಯ ಸೋಯಾ ಹಿಂಡಿಯಲ್ಲಿ ಪ್ರೋಟೀನು 45 ಶೇಕಡಾ, ಅಂದರೆ ಕೆಜಿ ಪ್ರೋಟೀನಿಗೆ 100 ರೂಪಾಯಿ. ಸೂರ್ಯಕಾಂತಿ ಹಿಂಡಿ ಅಗ್ಗವಾಗಿ ಕಂಡರೂ ಅದರಲ್ಲಿರುವುದು 28–30 ಶೇಕಡಾ, ಜೊತೆಗೆ ನಾರು ಬಹಳ. ಕಡಲೆಕಾಯಿ ಹಿಂಡಿಯಲ್ಲಿ ಪ್ರೋಟೀನು ಹೆಚ್ಚಿದ್ದರೂ ಅದರ ಘಟಕಗಳಾದ ಲೈಸಿನ್, ಮೆಥಿಯೊನಿನ್ ಕಡಿಮೆ, ಬೂಷ್ಟಿನ ವಿಷದ ಭಯವೂ ಅದರಲ್ಲೇ ಹೆಚ್ಚು. ಆದ್ದರಿಂದ 50 ಕೆಜಿಗೆ ಎರಡೂವರೆ ಕೆಜಿ ದಾಟುವುದಿಲ್ಲ. ಹತ್ತಿಬೀಜದ ಹಿಂಡಿ ಹಸುವಿಗೆ ಇರಲಿ, ಮೊಟ್ಟೆ ಕೋಳಿಗೆ ಬೇಡ. ಅದರಲ್ಲಿರುವ ವಿಷಾಂಶ ಗಾಸಿಪಾಲ್‌ನಿಂದ ಕೂಡಿಟ್ಟ ಮೊಟ್ಟೆಯ ಭಂಡಾರ ಹಸಿರುಗಪ್ಪಾಗುತ್ತದೆ.

ಸ್ವಂತ ಸೋಯಾ ಬೆಳೆದವರು ಹಸಿ ಕಾಳನ್ನೇ ಒಡೆದು ಹಾಕಬಾರದು. ಪ್ರೋಟೀನು ಜೀರ್ಣವಾಗದಂತೆ ತಡೆಯುವ ಅಂಶ ಅದರಲ್ಲಿದೆ. ಅರ್ಧ ಗಂಟೆ ಚೆನ್ನಾಗಿ ಕುದಿಸಿ ಒಣಗಿಸಬೇಕು, ಇಲ್ಲವೇ ಒಳಗಿನವರೆಗೆ ಹುರಿಯಬೇಕು.

ತೌಡಿನ ಬಗ್ಗೆ ಎರಡು ಮಾತು. ಗಿರಣಿಯ ತೌಡಿನಲ್ಲಿ ಎಣ್ಣೆ ಹೆಚ್ಚು. ಎರಡು ಮೂರು ವಾರಕ್ಕೆ ಕಹಿಯಾಗಿ ಮುಗ್ಗಲು ವಾಸನೆ ಬರುತ್ತದೆ, ಕೋಳಿ ಬಾಯಿ ಹಾಕುವುದಿಲ್ಲ. ಹನ್ನೆರಡು ದಿನಕ್ಕೆ ಬೇಕಾದಷ್ಟೇ ತರಬೇಕು. ಹೊಟ್ಟು ಬೆರೆತಿದೆಯೇ ಎಂಬ ಅನುಮಾನವಿದ್ದರೆ ಒಂದು ಹಿಡಿ ನೀರಿಗೆ ಹಾಕಿ ಕಲಕಿದರೆ ಹೊಟ್ಟು ಮೇಲೆ ತೇಲುತ್ತದೆ.

ಕಲಸುವಾಗ ಎಲ್ಲರೂ ಅವಸರ ಮಾಡುವುದು ಇಲ್ಲಿ: ಉಪ್ಪು, ಮೆಥಿಯೊನಿನ್, ವಿಟಮಿನ್‌ಗಳನ್ನು ನೇರವಾಗಿ ರಾಶಿಯ ಮೇಲೆ ಚೆಲ್ಲಿಬಿಡುತ್ತಾರೆ. ಹಾಗೆ ಮಾಡಿದರೆ ಒಂದು ಮೂಲೆಯ ಕೋಳಿಗೆ ಉಪ್ಪೆಲ್ಲ, ಇನ್ನೊಂದು ಮೂಲೆಗೆ ಏನೂ ಇಲ್ಲ. ಮೊದಲು ಇವನ್ನು 1 ಕೆಜಿ ನುಣ್ಣನೆ ಜೋಳದ ಹಿಟ್ಟಿನಲ್ಲಿ ಕಲಸಿ, ಅದನ್ನು 5 ಕೆಜಿ ತೌಡಿನಲ್ಲಿ ಕಲಸಿ, ಆಮೇಲೆ ರಾಶಿಗೆ ಸೇರಿಸಿ ಸಲಿಕೆಯಲ್ಲಿ ನಾಲ್ಕು ಸಲ ಮಗುಚಬೇಕು. ಉಪ್ಪು ಹೆಚ್ಚಾದರೆ ಕೋಳಿ ನೀರು ಕುಡಿದು ಕುಡಿದು ಹಿಕ್ಕೆ ತೆಳ್ಳಗಾಗುತ್ತದೆ, ಮರಿಗಳಾದರೆ ಸಾಯುತ್ತವೆ. ಒಣಮೀನು ಹಾಕುವವರು ಅದರಲ್ಲಿರುವ ಉಪ್ಪನ್ನು ಲೆಕ್ಕ ಹಿಡಿದು ಬೇರೆ ಉಪ್ಪು ನಿಲ್ಲಿಸಬೇಕು. ಜೋಳವನ್ನು ಹಿಟ್ಟಿನ ಹಾಗೆ ಬೀಸಿಸಬಾರದು, ದೊಡ್ಡ ಕೋಳಿಗೆ ಗೋಧಿ ಕಾಳಿನ ಗಾತ್ರದ ನುಚ್ಚು ಸರಿ. ನುಣ್ಣಗಿದ್ದರೆ ಕೊಕ್ಕಿಗೆ ಮೆತ್ತಿಕೊಂಡು ನೀರಿನ ಬೋಗುಣಿ ಸೇರುತ್ತದೆ.

ನಮ್ಮ ತಾಲ್ಲೂಕಿಗೆ ಇನ್ನೊಂದು ಅನುಕೂಲವಿದೆ. ರೇಷ್ಮೆ ಗೂಡಿನ ನೂಲು ಬಿಚ್ಚಿದ ಮೇಲೆ ಒಳಗೆ ಉಳಿಯುವ ಹುಳುವಿನಲ್ಲಿ, ಅಂದರೆ ಪ್ಯೂಪಾದಲ್ಲಿ, ಒಣಗಿದ ಮೇಲೆ, ಅರ್ಧಕ್ಕರ್ಧ ಪ್ರೋಟೀನು. ಸೋಯಾದಲ್ಲಿ ಕೊರತೆಯಾಗುವ ಮೆಥಿಯೊನಿನ್ ಇದರಲ್ಲಿ ಧಾರಾಳ. ಬಿಚ್ಚಾಣಿಕೆ ಘಟಕದಿಂದ ತಂದ ದಿನವೇ ಬಿಸಿಲಿಗೆ ತೆಳ್ಳಗೆ ಹರಡಬೇಕು, ಮರುದಿನಕ್ಕೆ ಬಿಟ್ಟರೆ ಕೊಳೆಯುತ್ತದೆ. ಒಣಗಿದ ಪ್ಯೂಪಾ 2 ಕೆಜಿ, ಜೋಳ ಅರ್ಧ ಕೆಜಿ ಸೇರಿಸಿದರೆ ಮೇಲಿನ ಪಟ್ಟಿಯ ಕಡಲೆಕಾಯಿ ಹಿಂಡಿಯನ್ನು ಪೂರ್ತಿ ಬಿಡಬಹುದು. ಅದಕ್ಕಿಂತ ಹೆಚ್ಚು ಬೇಡ. ಅದರಲ್ಲಿ ಎಣ್ಣೆ ನಾಲ್ಕರಲ್ಲೊಂದು ಪಾಲು ಇರುವುದರಿಂದ ಬೇಗ ಕಮಟು ಹಿಡಿಯುತ್ತದೆ, ಆ ವಾಸನೆ ಮೊಟ್ಟೆಗೂ ಇಳಿಯುತ್ತದೆ.

ನೀರಿನ ಮೇಲೆ ತೇಲಿ ಬೆಳೆಯುವ ಅಜೋಲಾ ಸಸ್ಯದ ಬಗ್ಗೆ ಬಹಳ ಜನ ಕೇಳುತ್ತಾರೆ, ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ತೊಟ್ಟಿಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಜರಡಿ ಹಿಡಿದ ಮಣ್ಣು 10–15 ಕೆಜಿ, ಸಗಣಿ 2 ಕೆಜಿ, ಸೂಪರ್ ಫಾಸ್ಫೇಟ್ 30 ಗ್ರಾಂ, ನಾಲ್ಕು ಅಂಗುಲ ನೀರು, ಬಿತ್ತನೆಗೆ ಒಂದು ಕೆಜಿ ಅಜೋಲಾ ಹಾಕಿದರೆ ಎರಡು ವಾರದ ನಂತರ ದಿನಕ್ಕೆ ಅರ್ಧ ಕೆಜಿ ತೆಗೆಯಬಹುದು. ಐದು ದಿನಕ್ಕೊಮ್ಮೆ ಸಗಣಿ 1 ಕೆಜಿ, ಸೂಪರ್ ಫಾಸ್ಫೇಟ್ 20 ಗ್ರಾಂ ಕೊಡಬೇಕು. ನೆರಳು ಬೇಕೇ ಬೇಕು. ಆದರೆ ಆ ಅರ್ಧ ಕೆಜಿಯಲ್ಲಿ ನೀರು ಕಳೆದರೆ ಉಳಿಯುವುದು ಸುಮಾರು 30 ಗ್ರಾಂ, ಅದರಲ್ಲಿ ಪ್ರೋಟೀನು 7 ಗ್ರಾಂ. ಅಂದರೆ 16 ಗ್ರಾಂ ಸೋಯಾ ಹಿಂಡಿಗೆ ಸಮ, ರೂಪಾಯಿಯಲ್ಲಿ ಎಪ್ಪತ್ತು ಪೈಸೆ. ದಿನಕ್ಕೆ ಒಂದು ಕೆಜಿ ಹಿಂಡಿ ಉಳಿಸಲು ಇಂಥ ಅರವತ್ತು ತೊಟ್ಟಿ ಬೇಕು. ಭಂಡಾರದ ಬಣ್ಣಕ್ಕೆ, ಕೋಳಿಯ ಬಾಯಿರುಚಿಗೆ ಅಜೋಲಾ ಒಳ್ಳೆಯದು, ಹಿಂಡಿಯ ಜಾಗಕ್ಕೆ ಬರಲಾರದು. ಬಣ್ಣಕ್ಕೆ ಹಿಪ್ಪುನೇರಳೆ ಸೊಪ್ಪು, ನುಗ್ಗೆಸೊಪ್ಪು ಕಟ್ಟಿ ತೂಗುಹಾಕಿದರೂ ನಡೆಯುತ್ತದೆ. ಸೊಪ್ಪಿಗೆ ಔಷಧಿ ಹೊಡೆದಿರಬಾರದು ಅಷ್ಟೆ.

ಗೆದ್ದಲಿನ ಉಪಾಯ ಮರಿಗಳಿಗೆ ಚೆನ್ನ. ಹಳೆಯ ಮಡಕೆಗೆ ಒದ್ದೆ ಗೋಣಿ ಚೂರು, ಒಣ ಸಗಣಿ, ಹುಲ್ಲು ತುಂಬಿ ಗೆದ್ದಲಿರುವ ಜಾಗದಲ್ಲಿ ಸಂಜೆ ಬೋರಲು ಹಾಕಿದರೆ ಮರುದಿನ ಹದಿನೈದಿಪ್ಪತ್ತು ಮರಿಗಳಿಗಾಗುವಷ್ಟು ಸಿಗುತ್ತದೆ. ಆದರೆ ಮರಿಗಳ ಸ್ಟಾರ್ಟರ್ ಮೇವಿನಲ್ಲಿ ಉಳಿತಾಯ ಮಾಡಲು ಹೋಗಬಾರದು. ಮೊದಲ ನಾಲ್ಕು ವಾರಕ್ಕೆ ಮರಿಯೊಂದು ತಿನ್ನುವುದು ಒಂದು ಕೆಜಿಯೊಳಗೆ, ಅಷ್ಟಕ್ಕೆ 20 ಶೇಕಡಾ ಪ್ರೋಟೀನಿನ ಮೇವನ್ನೇ ಕೊಂಡುಬಿಡಬೇಕು. ಹೇಂಟೆಗಳ ಮಿಶ್ರಣವನ್ನು ಮರಿಗೆ ಹಾಕಿದರೆ ಅದರ ಸುಣ್ಣ ಮೂತ್ರಪಿಂಡ ಕೆಡಿಸುತ್ತದೆ.

ಎಷ್ಟು ಹಾಕಬೇಕು ಎನ್ನುವುದು ಕಾಲದ ಮೇಲೆ ನಿಂತಿದೆ. ಪೂರ್ತಿ ಗೂಡಿನಲ್ಲಿದ್ದರೆ 50 ಹೇಂಟೆಗಳಿಗೆ ದಿನಕ್ಕೆ ಐದೂವರೆಯಿಂದ ಆರು ಕೆಜಿ. ಈಗ ಮಳೆ ಮುಗಿದು ಮಿಡತೆ, ಹುಳು, ಹಸಿರು ಇರುವುದರಿಂದ ಹೊರಗೆ ಮೇಯುವ ಕೋಳಿಗೆ 4 ಕೆಜಿ ಸಾಕು, ಮಾರ್ಚಿಯಿಂದ ಮತ್ತೆ ಏರಿಸಬೇಕು. ಬೆಳಗ್ಗೆ ಹೊಟ್ಟೆ ತುಂಬಿಸಿ ಬಿಟ್ಟರೆ ಮರದ ನೆರಳಲ್ಲಿ ಕೂರುತ್ತವೆ. ಬೆಳಗ್ಗೆ ಮೂರನೇ ಒಂದು ಪಾಲು, ಉಳಿದದ್ದು ಸಂಜೆ. ಗೂಡು ಸೇರಿದ ಮೇಲೆ ನಾಲ್ಕೈದು ಕೋಳಿಗಳ ಕುತ್ತಿಗೆಯ ಬುಡದ ಮೇವಿನ ಚೀಲ ಮುಟ್ಟಿ ನೋಡಬೇಕು, ನಿಂಬೆಹಣ್ಣಿನಷ್ಟಾದರೂ ತುಂಬಿರಬೇಕು. ಮೊಟ್ಟೆಯ ಚಿಪ್ಪು ಕಟ್ಟುವುದು ರಾತ್ರಿ, ಆದ್ದರಿಂದ ಸುಣ್ಣಕಲ್ಲಿನ ನುಚ್ಚು ಬೇರೊಂದು ತಟ್ಟೆಯಲ್ಲೂ ಸಂಜೆ ಇರಲಿ. ಮೇವು ಕಡಿಮೆ ತಿನ್ನುವ ಮೇಯುವ ಕೋಳಿಗೆ ಅದು ಇನ್ನೂ ಮುಖ್ಯ.

ಮೇವಿನ ತೊಟ್ಟಿಯನ್ನು ಅಂಚಿನವರೆಗೆ ತುಂಬಿದರೆ ಕೊಕ್ಕಿನಲ್ಲಿ ಚೆಲ್ಲಿ ಹಾಳಾಗುವುದು ಮೂರರಲ್ಲೊಂದು ಪಾಲಿನ ಹತ್ತಿರ ಹೋಗುತ್ತದೆ. ಮೂರನೇ ಒಂದು ಭಾಗ ತುಂಬಿದರೆ ಚೆಲ್ಲುವುದು ಅತ್ಯಲ್ಪ. ತೊಟ್ಟಿಯ ಅಂಚು ಕೋಳಿಯ ಬೆನ್ನಿನ ಎತ್ತರಕ್ಕೆ ಇರಬೇಕು, ಒಂದೊಂದಕ್ಕೆ ಅಂಚಿನಲ್ಲಿ 10 ಸೆಂಟಿಮೀಟರ್ ಜಾಗ. ರಾತ್ರಿ ತೊಟ್ಟಿ ಖಾಲಿ ಇರಬೇಕು. ಒಂದು ಇಲಿ ದಿನಕ್ಕೆ 20–30 ಗ್ರಾಂ ತಿನ್ನುತ್ತದೆ, ಅದು ಕೆಡಿಸುವುದು ಬೇರೆ.

ಇಷ್ಟೆಲ್ಲ ಮಾಡಿ ಅಂಗಡಿಯ ಫೀಡಿಗಿಂತ ಕೆಜಿಗೆ 5 ರೂಪಾಯಿ ಉಳಿಸಿದರೂ ತಿಂಗಳಿಗೆ 120 ಕೆಜಿಗೆ 600 ರೂಪಾಯಿ. ಮೊಟ್ಟೆ ಇಡದ ಹತ್ತು ಹೇಂಟೆಗಳು ದಿನಕ್ಕೆ 80 ಗ್ರಾಂನಂತೆ ತಿಂಗಳಿಗೆ 24 ಕೆಜಿ, ಸುಮಾರು 700 ರೂಪಾಯಿಯ ಮೇವು ತಿನ್ನುತ್ತವೆ. ಆದ್ದರಿಂದ ಕಲಸುವುದಕ್ಕಿಂತ ಮೊದಲು ಆರಿಸುವ ಕೆಲಸ. ರಾತ್ರಿ ಟಾರ್ಚ್ ಹಿಡಿದು ಒಂದೊಂದನ್ನೇ ಎತ್ತಿ ಗುದದ ಎರಡೂ ಪಕ್ಕದ ಚೂಪು ಮೂಳೆಗಳ ನಡುವೆ ಬೆರಳಿಟ್ಟು ನೋಡಬೇಕು. ಎರಡು ಮೂರು ಬೆರಳು ಹಿಡಿದು, ಗುದ ಅಗಲವಾಗಿ ಒದ್ದೆಯಾಗಿದ್ದರೆ ಇಡುತ್ತಿದೆ. ಒಂದೇ ಬೆರಳು, ಗುದ ಒಣಗಿ ಹಳದಿ, ಜುಟ್ಟು ಬಿಳಿಚಿ ಸುಕ್ಕಾಗಿದ್ದರೆ ಇಲ್ಲ. ಈ ತಿಂಗಳು ಮಾತ್ರ ದುಡುಕಬಾರದು: ಹಗಲು ಹನ್ನೆರಡು ಗಂಟೆಗಿಂತ ಕಡಿಮೆಯಾಗಿದೆ, ಗರಿ ಉದುರಿಸುತ್ತಿರುವ ಒಳ್ಳೆಯ ಹೇಂಟೆಯೂ ಮೊಟ್ಟೆ ನಿಲ್ಲಿಸಿರುತ್ತದೆ. ಕಾಲಿಗೆ ದಾರ ಕಟ್ಟಿ ಗುರುತು ಮಾಡಿ, ಮೂರು ವಾರ ಬಿಟ್ಟು ಇನ್ನೊಮ್ಮೆ ನೋಡಿ, ಹೊಸ ಗರಿ ಬಂದೂ ಮೂಳೆ ಬಿಚ್ಚದಿದ್ದರೆ ಆಗ ಮಾರುವುದು.

ಇಂದು ದಾರ ಕಟ್ಟಿದ್ದು ಏಳಕ್ಕೆ. ಮತ್ತೆ ನೋಡುವ ದಿನ ಡಿಸೆಂಬರ್ 14. ಮುಂದಿನ ಮಿಶ್ರಣ ಡಿಸೆಂಬರ್ 5ಕ್ಕೆ, ತೌಡು ಹಿಂದಿನ ದಿನ ತರುವುದು.