ಕೈಗೆಟಕುವ ಉಪನಗರದ ಹುಡುಕಾಟ: ಬಾಡಿಗೆ ಮತ್ತು ದಾರಿಯನ್ನು ಒಂದೇ ಹಾಳೆಯಲ್ಲಿ ತೂಗುವ ಯೋಜನೆಯ ಪ್ರಗತಿ

ನಗರದಲ್ಲಿ ಕೆಲಸ ಮಾಡುತ್ತ, ನಗರದ ಹೊರವಲಯದಲ್ಲಿ ನಮ್ಮ ಆದಾಯಕ್ಕೆ ಹೊಂದುವ ಮನೆಯನ್ನು ಹುಡುಕುವ ಕೆಲಸವನ್ನು ನಾನು ಕೆಲವು ಸಮಯದಿಂದ ಒಂದು ಯೋಜನೆಯಂತೆ ನಡೆಸಿಕೊಂಡು ಬರುತ್ತಿದ್ದೇನೆ. ಮನೆಗಳನ್ನು ನೋಡಿ ಬರುವುದು ಅದರ ಒಂದು ಭಾಗ ಮಾತ್ರ. ಹೆಚ್ಚಿನ ಶ್ರಮ ಹೋಗುತ್ತಿರುವುದು ಒಂದು ಸ್ಪ್ರೆಡ್‌ಶೀಟ್‌ಗೆ: ಪ್ರತಿಯೊಂದು ಉಪನಗರಕ್ಕೆ ಒಂದು ಸಾಲು, ಮನೆಯ ಖರ್ಚಿಗೆ ಒಂದು ಕಾಲಂ, ಓಡಾಟದ ಖರ್ಚಿಗೆ ಇನ್ನೊಂದು, ಓಡಾಟದ ಸಮಯಕ್ಕೆ ಮತ್ತೊಂದು, ಮತ್ತು ಆ ಸಮಯ ದಿನದಿಂದ ದಿನಕ್ಕೆ ಎಷ್ಟು ಏರುಪೇರಾಗುತ್ತದೆ ಎಂಬುದಕ್ಕೆ ಕೊನೆಯದೊಂದು. ಈ ಕೊನೆಯ ಕಾಲಂ ಎಲ್ಲಕ್ಕಿಂತ ಮುಖ್ಯವಾದದ್ದು ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ. ದೂರಕ್ಕೆ ಹಾಳೆಯಲ್ಲಿ ಕಾಲಂ ಇಲ್ಲ. ಕಿಲೋಮೀಟರುಗಳು ನಮ್ಮ ದಿನವನ್ನು ನಿರ್ಧರಿಸುವುದಿಲ್ಲ.

ಹೊರಗೆ ಹೋದಷ್ಟೂ ಮನೆ ಅಗ್ಗವಾಗುವುದಕ್ಕೆ ಹಳೆಯ ವಿವರಣೆಯೊಂದಿದೆ. ಜರ್ಮನಿಯ ಯೋಹಾನ್ ಹೈನ್ರಿಶ್ ಫಾನ್ ಥ್ಯೂನೆನ್ 1826ರಲ್ಲಿ ಕೃಷಿಭೂಮಿಯನ್ನು ಕುರಿತು ಇದನ್ನು ಬಿಡಿಸಿ ತೋರಿಸಿದ್ದರು: ಮಾರುಕಟ್ಟೆಯ ಪಟ್ಟಣಕ್ಕೆ ಬೆಳೆಯನ್ನು ಸಾಗಿಸುವ ವೆಚ್ಚ ಹೆಚ್ಚಾದಂತೆ ಭೂಮಿಯ ಗೇಣಿ ಇಳಿಯುತ್ತದೆ. ಅಮೆರಿಕದ ನಗರ ಅರ್ಥಶಾಸ್ತ್ರಜ್ಞ ವಿಲಿಯಂ ಅಲೊನ್ಸೊ 1964ರಲ್ಲಿ ಅದೇ ತರ್ಕವನ್ನು ನಗರದ ಮನೆಗಳಿಗೆ ಅನ್ವಯಿಸಿದರು. ಈ ತರ್ಕ ಪೂರ್ತಿ ನಿಜವಾಗಿದ್ದರೆ ನನ್ನ ಹಾಳೆಗೆ ಅರ್ಥವೇ ಇರುತ್ತಿರಲಿಲ್ಲ, ಏಕೆಂದರೆ ದೂರದ ಕಷ್ಟಕ್ಕೆ ತಕ್ಕ ರಿಯಾಯಿತಿ ಬಾಡಿಗೆಯಲ್ಲಿ ಆಗಲೇ ಸಿಕ್ಕಿರುತ್ತಿತ್ತು ಮತ್ತು ಯಾವ ಉಪನಗರವನ್ನು ಆರಿಸಿಕೊಂಡರೂ ಒಟ್ಟು ಸುಖ ಒಂದೇ ಆಗಿರುತ್ತಿತ್ತು. ಆದರೆ ಅರ್ಥಶಾಸ್ತ್ರಜ್ಞರಾದ ಅಲೋಯಿಸ್ ಸ್ಟುಟ್ಜರ್ ಮತ್ತು ಬ್ರೂನೊ ಫ್ರೈ ಜರ್ಮನಿಯ ಮನೆಮನೆ ಸಮೀಕ್ಷೆಯ ದತ್ತಾಂಶವನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಹೊತ್ತು ಪ್ರಯಾಣಿಸುವವರು ತಮ್ಮ ಬದುಕಿನ ಬಗ್ಗೆ ಕಡಿಮೆ ತೃಪ್ತಿಯನ್ನು ಹೇಳಿಕೊಂಡಿದ್ದರು. ಅಗ್ಗದ ಮನೆಯಾಗಲಿ ಹೆಚ್ಚಿನ ಸಂಬಳವಾಗಲಿ ದಾರಿಯ ದಣಿವನ್ನು ತುಂಬಿಕೊಟ್ಟಿರಲಿಲ್ಲ. ಜನ ಮನೆ ಆರಿಸುವಾಗ ಬಾಡಿಗೆಯನ್ನು ಸ್ಪಷ್ಟವಾಗಿ ನೋಡುತ್ತಾರೆ, ದಾರಿಯನ್ನು ಅಂದಾಜಿಗೆ ಬಿಡುತ್ತಾರೆ ಎಂಬುದು ಇದಕ್ಕೆ ಒಂದು ಕಾರಣವೆಂದು ನನಗೆ ತೋರುತ್ತದೆ. ಆ ಅಂದಾಜನ್ನು ಅಳತೆಯಾಗಿಸುವುದೇ ಈ ಯೋಜನೆಯ ಉದ್ದೇಶ.

ಖರ್ಚಿನ ಕಾಲಂಗಳು

ಮನೆಯ ಖರ್ಚು ಆದಾಯದ ಶೇಕಡಾ 30ನ್ನು ಮೀರಬಾರದೆಂಬ ಅಳತೆಗೋಲು ಬಹಳ ಕಡೆ ಬಳಕೆಯಲ್ಲಿದೆ. ಅದು ಓಡಾಟವನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ ಎಂಬ ಕಾರಣಕ್ಕೆ ಶಿಕಾಗೋದ ಸೆಂಟರ್ ಫಾರ್ ನೇಬರ್‌ಹುಡ್ ಟೆಕ್ನಾಲಜಿ ಎಂಬ ಸಂಸ್ಥೆ ಮನೆ ಮತ್ತು ಸಾರಿಗೆ ಎರಡನ್ನೂ ಕೂಡಿಸಿದ ಸೂಚ್ಯಂಕವನ್ನು ರೂಪಿಸಿತು. ಎರಡೂ ಸೇರಿ ಆದಾಯದ ಶೇಕಡಾ 45ರೊಳಗೆ ಇದ್ದರೆ ಮಾತ್ರ ಆ ಜಾಗ ಕೈಗೆಟಕುವಂಥದ್ದು ಎಂಬುದು ಅವರ ಮಾನದಂಡ. ನಾನು ಈ 45ನ್ನೇ ಮೇಲ್ಮಿತಿಯಾಗಿ ಇಟ್ಟುಕೊಂಡೆ. ಈ ಒಂದೇ ನಿಯಮದಿಂದ ಪಟ್ಟಿಯ ಅರ್ಧದಷ್ಟು ಹೆಸರುಗಳು ಹೊರಬಿದ್ದವು. ಹಾಗೆ ಹೊರಬಿದ್ದವುಗಳಲ್ಲಿ ಎಲ್ಲಕ್ಕಿಂತ ಕಡಿಮೆ ಬಾಡಿಗೆಯ ಬಡಾವಣೆಯೂ ಸೇರಿದೆ.

ಅದಕ್ಕೆ ಕಾರಣ ವಾಹನ. ಓಡಾಟದ ಖರ್ಚು ಇಳಿಜಾರಿನಂತೆ ನಿಧಾನವಾಗಿ ಏರುವುದಿಲ್ಲ, ಮೆಟ್ಟಿಲಿನಂತೆ ಒಮ್ಮೆಲೇ ಏರುತ್ತದೆ. ಒಂದು ವಾಹನದಲ್ಲಿ ಸಂಸಾರ ಸಾಗಿಸಬಹುದಾದ ಜಾಗಕ್ಕೂ ಎರಡನೆಯ ವಾಹನ ಇಲ್ಲದೆ ಆಗದು ಎನ್ನುವ ಜಾಗಕ್ಕೂ ನಡುವೆ ಇರುವ ಅಂತರ ಇಂಧನದ ಖರ್ಚಿನದಲ್ಲ. ವಿಮೆ, ದುರಸ್ತಿ, ತೆರಿಗೆ, ನಿಲುಗಡೆ, ಮತ್ತು ವಾಹನ ಬಳಸಿದರೂ ಬಿಟ್ಟರೂ ವರ್ಷವರ್ಷ ಇಳಿಯುವ ಅದರ ಬೆಲೆ, ಇವೆಲ್ಲ ಒಟ್ಟಿಗೆ ಬಂದು ಕೂರುತ್ತವೆ. ಹಾಗಾಗಿ ಪ್ರತಿ ಉಪನಗರದ ಮುಂದೆ ನಾನು ಮೊದಲು ಬರೆಯುವುದು, ಅಲ್ಲಿ ನಮಗೆ ಎಷ್ಟು ವಾಹನ ಬೇಕಾಗುತ್ತದೆ ಎಂಬುದನ್ನು. ಕೊಳ್ಳುವ ಮನೆಯಾದರೆ ಇನ್ನೊಂದು ವ್ಯತ್ಯಾಸವನ್ನೂ ಗುರುತಿಸಿದ್ದೇನೆ: ಸಾಲದ ಕಂತಿನಲ್ಲಿ ಅಸಲಿಗೆ ಸಂದ ಭಾಗ ಮನೆಯಲ್ಲಿ ಉಳಿಯುತ್ತದೆ, ದಾರಿಗೆ ಸುರಿದ ಹಣ ಎಲ್ಲಿಯೂ ಉಳಿಯುವುದಿಲ್ಲ. ಸಾಲಕ್ಕೆ ಒಂದು ಕೊನೆಯ ಕಂತು ಇದೆ, ಓಡಾಟಕ್ಕೆ ನಿವೃತ್ತಿಯವರೆಗೂ ಕೊನೆಯಿಲ್ಲ. ಆದ್ದರಿಂದ ತಿಂಗಳ ಮೊತ್ತ ಸಮವಾಗಿ ಕಂಡ ಎರಡು ಜಾಗಗಳಲ್ಲಿ ಹತ್ತಿರದ್ದಕ್ಕೇ ನನ್ನ ಒಲವು.

ಬಾಗಿಲಿನಿಂದ ಕುರ್ಚಿಯವರೆಗೆ

ನಕ್ಷೆಯ ಆ್ಯಪ್ ತೋರಿಸುವ ಸಮಯ ಚಲಿಸುವ ವಾಹನದ ಸಮಯಕ್ಕೆ ಹತ್ತಿರವಾಗಿರುತ್ತದೆ. ನನಗೆ ಬೇಕಾದದ್ದು ಮನೆಯ ಬಾಗಿಲಿಗೆ ಬೀಗ ಹಾಕಿದ ಕ್ಷಣದಿಂದ ಕಚೇರಿಯ ಕುರ್ಚಿಯಲ್ಲಿ ಕೂತ ಕ್ಷಣದವರೆಗಿನ ಸಮಯ. ಅದಕ್ಕಾಗಿ ಕೆಲಸದ ದಿನಗಳ ಬೆಳಿಗ್ಗೆ ಆಯಾ ಉಪನಗರಕ್ಕೆ ಮುಂಚಿತವಾಗಿ ಹೋಗಿ, ನಾವು ನೋಡಿದ ಮನೆಯ ಗೇಟಿನ ಮುಂದೆ ಗಡಿಯಾರ ಒತ್ತಿ ಹೊರಡುವ ಪದ್ಧತಿಯನ್ನು ಇಟ್ಟುಕೊಂಡಿದ್ದೇನೆ. ಪಟ್ಟಿಯಲ್ಲಿರುವ, ರೈಲು ನಿಲ್ದಾಣದ ಬಳಿಯ ಒಂದು ಬಡಾವಣೆಯಲ್ಲಿ ಇದರ ವಿವರ ಹೀಗೆ ಬಂತು: ಗೇಟಿನಿಂದ ನಿಲ್ದಾಣದ ದ್ವಾರಕ್ಕೆ 11 ನಿಮಿಷ ನಡಿಗೆ, ದ್ವಾರದಿಂದ ಮೇಲುಸೇತುವೆ ಹತ್ತಿಳಿದು ಸರಿಯಾದ ಪ್ಲಾಟ್‌ಫಾರ್ಮಿಗೆ 4, ರೈಲಿಗಾಗಿ ಕಾದದ್ದು 6, ರೈಲಿನಲ್ಲಿ 24, ಇಳಿದು, ಜನಸಂದಣಿಯಲ್ಲಿ ಸಾಲಾಗಿ ಮೆಟ್ಟಿಲು ಹತ್ತಿ, ಕಚೇರಿಗೆ ನಡೆದು, ಲಿಫ್ಟಿಗೆ ಕಾದು ಕೂರುವ ಹೊತ್ತಿಗೆ ಇನ್ನೂ 10. ಜಾಹೀರಾತಿನಲ್ಲಿ ಇದ್ದದ್ದು ಆ 24 ಮಾತ್ರ. ನನ್ನ ಹಾಳೆಗೆ ಹೋದದ್ದು 55.

ಈ ನಿಮಿಷಗಳೆಲ್ಲ ಒಂದೇ ತೂಕದವಲ್ಲ. ಅಮೆರಿಕದ ಸಾರಿಗೆ ಇಲಾಖೆ ಯೋಜನೆಗಳ ಲಾಭನಷ್ಟ ಲೆಕ್ಕ ಹಾಕುವಾಗ ವಾಹನದೊಳಗೆ ಕಳೆದ ವೈಯಕ್ತಿಕ ಪ್ರಯಾಣದ ಒಂದು ಗಂಟೆಗೆ ಗಂಟೆಯ ಗಳಿಕೆಯ ಅರ್ಧದಷ್ಟು ಬೆಲೆ ಕಟ್ಟುತ್ತದೆ. ಕಾಯುವ, ನಡೆಯುವ, ವಾಹನ ಬದಲಿಸುವ ಸಮಯಕ್ಕೆ ಅದರ ಎರಡು ಪಟ್ಟು. ಕಾಯುವಿಕೆಗೆ ಈ ಎರಡು ಪಟ್ಟಿನ ತೂಕ ನ್ಯಾಯವೆನಿಸುತ್ತದೆ. ನಡಿಗೆಗೆ ಮಾತ್ರ ನಾನು ಅಷ್ಟು ದಂಡ ವಿಧಿಸಿಲ್ಲ, ಏಕೆಂದರೆ ನೆರಳಿರುವ, ಕಾಲುದಾರಿ ಸರಿಯಾಗಿರುವ ಹತ್ತು ನಿಮಿಷದ ನಡಿಗೆ ನನಗೆ ಹೊರೆಯಲ್ಲ. ರಸ್ತೆಯ ಅಂಚಿನಲ್ಲಿ ವಾಹನಗಳ ನಡುವೆ ದಾರಿ ಮಾಡಿಕೊಳ್ಳಬೇಕಾದ ಕಡೆ ಪೂರ್ತಿ ತೂಕ ಕೊಟ್ಟಿದ್ದೇನೆ.

ಬಸ್ಸಿನ ಕಾಯುವಿಕೆಯಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಹಾಳೆಯಲ್ಲಿ ಬೇರೆಯಾಗಿಯೇ ಬರೆಯಬೇಕಾಯಿತು. 15 ನಿಮಿಷಕ್ಕೊಂದು ಬಸ್ಸು ಎಂದಾಗ ಸರಾಸರಿ ಏಳೂವರೆ ನಿಮಿಷ ಕಾಯಬೇಕೆಂದು ನಾವು ಲೆಕ್ಕ ಹಾಕುತ್ತೇವೆ. ಬಸ್ಸುಗಳು ಕರಾರುವಾಕ್ಕಾಗಿ ಬಂದರೆ ಅದು ಸರಿ. ಆದರೆ ದಟ್ಟಣೆಯಲ್ಲಿ ಎರಡು ಬಸ್ಸು ಬೆನ್ನಿಗೆ ಬೆನ್ನು ಬಂದು, ಆಮೇಲೆ ಬಹಳ ಹೊತ್ತು ಒಂದೂ ಇಲ್ಲದಿರುವುದು ಸಾಮಾನ್ಯ. ಅಂತರ ಒಮ್ಮೆ 5 ನಿಮಿಷ, ಒಮ್ಮೆ 25 ನಿಮಿಷ ಎಂದಿಟ್ಟುಕೊಳ್ಳಿ. ಸರಾಸರಿ ಅಂತರ ಈಗಲೂ 15. ಆದರೆ ಯಾವುದೋ ಹೊತ್ತಿನಲ್ಲಿ ತಂಗುದಾಣಕ್ಕೆ ಬರುವ ಪ್ರಯಾಣಿಕ ಆ ಉದ್ದದ ಅಂತರದೊಳಗೆ ಸಿಕ್ಕಿಹಾಕಿಕೊಳ್ಳುವ ಸಂಭವವೇ ಹೆಚ್ಚಾದ್ದರಿಂದ ಸರಾಸರಿ ಕಾಯುವಿಕೆ ಸುಮಾರು 11 ನಿಮಿಷಕ್ಕೆ ಏರುತ್ತದೆ. ವೇಳಾಪಟ್ಟಿಯಲ್ಲಿ ಇದು ಕಾಣುವುದಿಲ್ಲ, ತಂಗುದಾಣದಲ್ಲಿ ನಿಂತು ಬಸ್ಸು ಬಂದ ಹೊತ್ತನ್ನು ಒಂದೊಂದಾಗಿ ಬರೆದುಕೊಂಡಾಗಲೇ ಕಾಣುತ್ತದೆ.

ಕೆಟ್ಟ ದಿನದ ಕಾಲಂ

ಹೆದ್ದಾರಿ ಪಕ್ಕದ ಬಡಾವಣೆ ಬಹುಕಾಲ ಹಾಳೆಯ ಮೇಲ್ತುದಿಯಲ್ಲಿತ್ತು. ಬಾಡಿಗೆ ರೈಲು ನಿಲ್ದಾಣದ ಬಡಾವಣೆಗಿಂತ ಕಡಿಮೆ. ಬಾಗಿಲಿನಿಂದ ಕುರ್ಚಿಗೆ ಸರಾಸರಿ ಸಮಯವೂ 45 ನಿಮಿಷ, ಅಂದರೆ ರೈಲಿಗಿಂತ 10 ನಿಮಿಷ ಕಡಿಮೆ. ಸರಾಸರಿಯನ್ನು ನಂಬಿದರೆ ಆಯ್ಕೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಕೆಲಸಕ್ಕೆ ಹೋಗುವವರು ಸರಾಸರಿಯನ್ನು ನೋಡಿ ಮನೆ ಬಿಡುವುದಿಲ್ಲ. ತಡವಾಗದಿರಲು ಎಷ್ಟು ಮುಂಚೆ ಹೊರಡಬೇಕೋ ಅಷ್ಟು ಮುಂಚೆ ಹೊರಡುತ್ತಾರೆ. ಸಾರಿಗೆ ಎಂಜಿನಿಯರುಗಳು ರಸ್ತೆಯ ವಿಶ್ವಾಸಾರ್ಹತೆಯನ್ನು ಅಳೆಯಲು 95ನೇ ಶತಾಂಶದ ಪ್ರಯಾಣ ಸಮಯವನ್ನು ಬಳಸುತ್ತಾರೆ: ಇಪ್ಪತ್ತು ಕೆಲಸದ ದಿನಗಳಲ್ಲಿ ಹತ್ತೊಂಬತ್ತು ದಿನ ಸಮಯಕ್ಕೆ ತಲುಪಬೇಕಾದರೆ ಎಷ್ಟು ನಿಮಿಷ ಕೈಯಲ್ಲಿಟ್ಟುಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. ಈ ಅಳತೆಯಲ್ಲಿ ರೈಲಿನ ಬಡಾವಣೆ 62 ನಿಮಿಷಕ್ಕೆ ಬಂತು, ಹೆದ್ದಾರಿಯ ಬಡಾವಣೆ 75ಕ್ಕೆ. ಸರಾಸರಿಯಲ್ಲಿ 10 ನಿಮಿಷ ಮುಂದಿದ್ದದ್ದು ಕೆಟ್ಟ ದಿನದ ಲೆಕ್ಕದಲ್ಲಿ 13 ನಿಮಿಷ ಹಿಂದೆ ಬಿತ್ತು.

ರಸ್ತೆ ಹೀಗೆ ವರ್ತಿಸುವುದಕ್ಕೆ ಕಾರಣವಿದೆ. ಅಮೆರಿಕದ ಬ್ಯೂರೋ ಆಫ್ ಪಬ್ಲಿಕ್ ರೋಡ್ಸ್ 1964ರಲ್ಲಿ ರೂಪಿಸಿ, ಇಂದಿಗೂ ಸಾರಿಗೆ ಯೋಜನೆಯಲ್ಲಿ ಬಳಕೆಯಲ್ಲಿರುವ ಸೂತ್ರದ ಪ್ರಕಾರ ರಸ್ತೆಯ ವಿಳಂಬ ವಾಹನಗಳ ಪ್ರಮಾಣದ ನಾಲ್ಕನೇ ಘಾತದಲ್ಲಿ ಬೆಳೆಯುತ್ತದೆ, ಅಂದರೆ ವಾಹನಗಳು ಎರಡು ಪಟ್ಟಾದರೆ ವಿಳಂಬ ಹದಿನಾರು ಪಟ್ಟಾಗುತ್ತದೆ. ಬೇಡಿಕೆ ರಸ್ತೆಯ ಸಾಮರ್ಥ್ಯಕ್ಕೆ ಸಮನಾದಾಗ ಪ್ರಯಾಣ ಸಮಯ ಖಾಲಿ ರಸ್ತೆಯ ಸಮಯಕ್ಕಿಂತ ಶೇಕಡಾ 15ರಷ್ಟು ಹೆಚ್ಚು; ಬೇಡಿಕೆ ಸಾಮರ್ಥ್ಯದ ಒಂದೂವರೆ ಪಟ್ಟಾದಾಗ ಶೇಕಡಾ 76ರಷ್ಟು. ಅಂದರೆ ತುಂಬುವ ಅಂಚಿನಲ್ಲಿರುವ ರಸ್ತೆಯಲ್ಲಿ ಒಂದು ಮಳೆ, ಕೆಟ್ಟು ನಿಂತ ಒಂದು ಲಾರಿ, ಶಾಲೆಗಳು ತೆರೆಯುವ ಒಂದು ವಾರ ಸಾಕು. ಹೊಸ ಮನೆಗಳು ಸಾಲುಸಾಲಾಗಿ ಏಳುತ್ತಿರುವ ಉಪನಗರವನ್ನು ನೋಡುವಾಗ ನಾನು ಈ ಸೂತ್ರವನ್ನು ನೆನಪಿಟ್ಟುಕೊಳ್ಳುತ್ತೇನೆ, ಏಕೆಂದರೆ ಇಂದಿನ 45 ನಿಮಿಷ ಆ ಮನೆಗಳಿಗೆಲ್ಲ ಜನ ಬಂದ ಮೇಲಿನ 45 ನಿಮಿಷವಲ್ಲ.

ಮನೆ ತೋರಿಸುವವರು ಇಲ್ಲಿ ಸಾಮಾನ್ಯವಾಗಿ ಕೊಡುವ ಉತ್ತರ, ರಸ್ತೆ ಅಗಲವಾಗಲಿದೆ ಎಂಬುದು. ಅಮೆರಿಕದ ಅರ್ಥಶಾಸ್ತ್ರಜ್ಞ ಆ್ಯಂಥನಿ ಡೌನ್ಸ್ 1962ರಲ್ಲೇ, ದಟ್ಟಣೆಯ ಹೊತ್ತಿನಲ್ಲಿ ನಗರದ ಹೆದ್ದಾರಿ ತನ್ನ ಹೊಸ ಸಾಮರ್ಥ್ಯದವರೆಗೂ ತುಂಬಿಕೊಳ್ಳುತ್ತದೆ ಎಂದು ವಾದಿಸಿದ್ದರು. ಅರ್ಥಶಾಸ್ತ್ರಜ್ಞರಾದ ಜೀಲ್ ಡ್ಯೂರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ 2011ರಲ್ಲಿ ಅಮೆರಿಕದ ಮಹಾನಗರಗಳ ದತ್ತಾಂಶದಿಂದ ಅದನ್ನು ಬಲಪಡಿಸಿದರು: ಅಂತರರಾಜ್ಯ ಹೆದ್ದಾರಿಗಳ ಉದ್ದ ಹೆಚ್ಚಿದ ಪ್ರಮಾಣದಲ್ಲೇ ಅವುಗಳ ಮೇಲಿನ ವಾಹನ ಸಂಚಾರವೂ ಹೆಚ್ಚಿತ್ತು. ಆದ್ದರಿಂದ ಬರಲಿರುವ ರಸ್ತೆ, ಬರಲಿರುವ ಮಾರ್ಗ, ಬರಲಿರುವ ನಿಲ್ದಾಣ ಯಾವುದಕ್ಕೂ ನನ್ನ ಹಾಳೆಯಲ್ಲಿ ಅಂಕವಿಲ್ಲ. ಇಂದು ಓಡುತ್ತಿರುವುದಕ್ಕೆ ಮಾತ್ರ ಅಂಕ.

ಸಂಜೆಯ ದಾರಿಯನ್ನು ಬೆಳಗಿನ ದಾರಿಯ ಪ್ರತಿಬಿಂಬವೆಂದು ಭಾವಿಸದೆ ಅದನ್ನೂ ಪ್ರತ್ಯೇಕವಾಗಿ ಅಳೆದೆ. ದಟ್ಟಣೆಯ ಹೊತ್ತು ಮುಗಿದೊಡನೆ ಹಲವು ಮಾರ್ಗಗಳಲ್ಲಿ ವಾಹನಗಳ ನಡುವಿನ ಅಂತರ ಹೆಚ್ಚುತ್ತದೆ. ಕೆಲಸ ಅರ್ಧ ಗಂಟೆ ತಡವಾದರೆ ಮನೆ ಸೇರುವುದು ಒಂದು ಗಂಟೆ ತಡವಾಗುವ ಜಾಗಗಳಿವೆ. ಕೊನೆಯ ರೈಲು ಎಷ್ಟು ಹೊತ್ತಿಗೆ, ಅದು ತಪ್ಪಿದರೆ ಮನೆ ಸೇರುವ ಬೇರೆ ದಾರಿ ಯಾವುದು ಎಂಬುದನ್ನು ಪ್ರತಿ ಸಾಲಿನ ಕೊನೆಯಲ್ಲಿ ಬರೆದಿದ್ದೇನೆ. ಬೇರೆ ದಾರಿಯೇ ಇಲ್ಲದ ಒಂದು ಉಪನಗರವನ್ನು, ಉಳಿದೆಲ್ಲ ಚೆನ್ನಾಗಿದ್ದರೂ, ಕೈಬಿಟ್ಟೆವು.

ಇಬ್ಬರ ಎರಡು ದಿಕ್ಕು

ನನ್ನ ಕಚೇರಿ ನಗರದ ನಡುವೆ, ನನ್ನ ಪತ್ನಿಯ ಕೆಲಸ ನಗರದ ಇನ್ನೊಂದು ಅಂಚಿನಲ್ಲಿ. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ನನಗೆ ಒಳ್ಳೆಯದಾದ ಜಾಗ ಅವರಿಗೆ ದೂರವಾಗುತ್ತಿತ್ತು. ಇಬ್ಬರ ಸಮಯವನ್ನು ಕೂಡಿಸಿ ಕಡಿಮೆ ಮೊತ್ತ ಬಂದದ್ದನ್ನು ಆರಿಸುವುದು ಸುಲಭದ ಸೂತ್ರ, ಆದರೆ ಅದರಲ್ಲಿ ಒಬ್ಬರಿಗೆ 20 ನಿಮಿಷ, ಇನ್ನೊಬ್ಬರಿಗೆ 90 ನಿಮಿಷ ಬಂದರೂ ಮೊತ್ತ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ಇಬ್ಬರಲ್ಲಿ ಹೆಚ್ಚು ಹೊತ್ತು ಪ್ರಯಾಣಿಸುವವರ ಕೆಟ್ಟ ದಿನದ ಸಮಯವನ್ನೇ ಆ ಉಪನಗರದ ಅಂಕವಾಗಿ ತೆಗೆದುಕೊಳ್ಳಲು ಒಪ್ಪಿದೆವು. ಒಂದು ದಿಕ್ಕಿಗೆ 15 ನಿಮಿಷ ಹೆಚ್ಚಾದರೂ, ವರ್ಷಕ್ಕೆ 230 ಕೆಲಸದ ದಿನಗಳೆಂದು ಹಿಡಿದರೆ, 115 ಗಂಟೆಯಾಗುತ್ತದೆ, ಅಂದರೆ ಎಂಟು ಗಂಟೆಯ ಹದಿನಾಲ್ಕು ಕೆಲಸದ ದಿನಗಳಿಗೂ ಮಿಗಿಲು. ಈ ಭಾರವನ್ನು ಒಬ್ಬರ ಮೇಲೆಯೇ ಹೊರಿಸಿ ಮನೆ ಅಗ್ಗವಾಯಿತೆಂದು ಹೇಳಿಕೊಳ್ಳುವುದು ನನಗೆ ಒಪ್ಪಿಗೆಯಾಗುವ ಮಾತಲ್ಲ.

ಈಗಿನ ಸ್ಥಿತಿ

ಪಟ್ಟಿಯಲ್ಲಿ ಎರಡು ಉಪನಗರಗಳು ಉಳಿದಿವೆ: ಮೇಲೆ ಹೇಳಿದ ರೈಲು ನಿಲ್ದಾಣದ ಬಡಾವಣೆ, ಮತ್ತು ಅದೇ ಮಾರ್ಗದಲ್ಲಿ ಎರಡು ನಿಲ್ದಾಣ ಆಚೆಗಿರುವ, ರೈಲು ಅಲ್ಲಿಂದಲೇ ಹೊರಡುವ ಊರು. ಎರಡನೆಯದರಲ್ಲಿ ಪ್ರಯಾಣ 7 ನಿಮಿಷ ಹೆಚ್ಚು, ಆದರೆ ಅಲ್ಲಿ ಹತ್ತಿದವರಿಗೆ ಕೂರಲು ಜಾಗ ಸಿಗುತ್ತದೆ, ಬಾಡಿಗೆಯೂ ಕಡಿಮೆ. ಕೂತು ಹೋಗುವ 31 ನಿಮಿಷ ಮತ್ತು ನಿಂತು ಹೋಗುವ 24 ನಿಮಿಷ, ಈ ಎರಡರಲ್ಲಿ ನನ್ನ ಮಟ್ಟಿಗೆ ಮೊದಲನೆಯದೇ ಮೇಲು. ಪತ್ನಿ ಮಧ್ಯದಲ್ಲಿ ಇಳಿದು ಬಸ್ಸು ಹಿಡಿಯಬೇಕಾದ್ದರಿಂದ ಅವರ ತೀರ್ಪು ಇನ್ನೂ ಬಾಕಿ ಇದೆ. ಅವರ ಬಸ್ಸಿನ ಅಂತರಗಳನ್ನು ಮಳೆಗಾಲದಲ್ಲಿ, ಶಾಲೆಗಳು ತೆರೆದಿರುವ ದಿನಗಳಲ್ಲಿ ಮತ್ತೊಮ್ಮೆ ಬರೆದುಕೊಳ್ಳಬೇಕು. ಆ ಅಂಕಿಗಳು 95ನೇ ಶತಾಂಶದ ಕಾಲಂಗೆ ಸೇರಿದ ಮೇಲೆ, ಎರಡರಲ್ಲಿ ಒಂದು ಕಡೆ ಕೊಳ್ಳುವ ಮಾತಿಲ್ಲದೆ ಮೊದಲು ಬಾಡಿಗೆಗೆ ಹೋಗಿ ಒಂದು ವರ್ಷದ ಎಲ್ಲ ಋತುಗಳನ್ನೂ ಅದೇ ದಾರಿಯಲ್ಲಿ ಅಳೆಯುವುದು ಮುಂದಿನ ಹಂತ.