ಮುಂದಿನವರ ಗಂಟೆ ಸದ್ದು

ನಿನ್ನೆ ರಾತ್ರಿ ಕರೆಂಟು ಹೋಯಿತು. ನಮ್ಮದೇ ಮನೆ ಮೆಟ್ಟಿಲು, ದಿನಾ ಹತ್ತಿಳಿಯುವುದು. ಆದರೂ ಕೊನೆಯಲ್ಲಿ ಇಲ್ಲದ ಒಂದು ಮೆಟ್ಟಿಲಿಗೆ ಕಾಲಿಟ್ಟು ಎದೆ ಧಸಕ್ ಅಂದಿತು.

ಗೋಡೆ ಹಿಡಿದು ನಿಂತಾಗ ಎರಿಕ್ ವೈಹೆನ್‌ಮೇಯರ್ ನೆನಪಾದರು. ಹದಿಹರೆಯದಲ್ಲೇ ಕಣ್ಣು ಕಳೆದುಕೊಂಡ ಅಮೆರಿಕದವರು. 2001ರ ಮೇ 25ರಂದು ಎವರೆಸ್ಟ್ ಹತ್ತಿದರು. ಕಣ್ಣು ಕಾಣದವರಲ್ಲಿ ಅವರೇ ಮೊದಲಿಗರು. ಮುಂದೆ ನಡೆಯುವವರು ಗಂಟೆ ಅಲ್ಲಾಡಿಸುತ್ತಾ ಹೋಗುತ್ತಿದ್ದರಂತೆ, ಆ ಸದ್ದೇ ಇವರಿಗೆ ದಾರಿ. ಎವರೆಸ್ಟ್ ದಾರಿಯಲ್ಲಿ ದೊಡ್ಡ ದೊಡ್ಡ ಹಿಮಗಡ್ಡೆಗಳು ಒಡೆದು ರಾಶಿಬಿದ್ದಂತಿರುವ ಖುಂಬು ಐಸ್‌ಫಾಲ್‌ನಲ್ಲಿ ಮಂಜಿನ ಬಿರುಕುಗಳ ಮೇಲೆ ಅಲ್ಯೂಮಿನಿಯಂ ಏಣಿ ಅಡ್ಡ ಹಾಕಿರುತ್ತಾರೆ. ಬೂಟಿಗೆ ಕಟ್ಟಿದ ಕಬ್ಬಿಣದ ಮುಳ್ಳು ಏಣಿಯ ಪಟ್ಟಿಗೆ ಕಟಕ್ ಅಂತ ಕೂರುವ ಜಾಗ ಕಾಲಲ್ಲೇ ಹುಡುಕಬೇಕು. ಮೊದಲ ಸಲ ಆ ಐಸ್‌ಫಾಲ್ ದಾಟಲು 13 ತಾಸು ಹಿಡಿಯಿತು.

2025ರ ಮೇನಲ್ಲಿ ನಮ್ಮ ಹಿಮಾಚಲದ ಕಿನ್ನೌರಿನ ಛೋಂಜಿನ್ ಅಂಗ್ಮೋ ಕೂಡ ಎವರೆಸ್ಟ್ ತುದಿ ಮುಟ್ಟಿದರು. ಅವರಿಗೆ ಎಂಟನೇ ವಯಸ್ಸಿಗೇ ದೃಷ್ಟಿ ಹೋಗಿತ್ತು.

‘ಕಾಣದವರು ಮೇಲೆ ಹೋಗಿ ಏನು ನೋಡ್ತಾರೆ?’ ಅಂತ ಆಫೀಸಿನಲ್ಲಿ ಒಬ್ಬರು ಕೇಳಿದ್ದರು. ಆಗ ನಾನೂ ಸುಮ್ನೆ ನಕ್ಕಿದ್ದೆ. ತುದಿಯಲ್ಲಿ ನಿಲ್ಲುವುದು ಯಾರಿಗಾದರೂ ಸ್ವಲ್ಪ ಹೊತ್ತು. ಉಳಿದದ್ದೆಲ್ಲ ಕಾಲು, ಉಸಿರು, ಹಗ್ಗ. ಅಲ್ವಾ?

ಕರೆಂಟು ಬಂದಾಗಲೂ ನಾನು ಗೋಡೆ ಬಿಟ್ಟಿರಲಿಲ್ಲ.