ಓಡೋಮೀಟರ್‌ಗಿಂತ ಮೊದಲು ಸರ್ವಿಸ್ ಬಿಲ್ ನೋಡಿ

ಹಳೆಯ ಫೆರಾರಿಯಲ್ಲಿ ಕಡಿಮೆ ಓಡಿದ ಗಾಡಿಯೇ ಲಾಭ ಅನ್ನುವುದು ಪೂರ್ತಿ ನಿಜವಲ್ಲ. ಎಫ್355 ಮಾದರಿಯಲ್ಲಿ ವಾಲ್ವ್‌ಗಳನ್ನು ಪಿಸ್ಟನ್ ಜೊತೆ ತಾಳ ತಪ್ಪದಂತೆ ನಡೆಸುವ ರಬ್ಬರ್ ಪಟ್ಟಿ, ಅಂದರೆ ಟೈಮಿಂಗ್ ಬೆಲ್ಟ್, ಬದಲಿಸಲು ಎಂಜಿನ್ನನ್ನೇ ಕೆಳಗಿಳಿಸಬೇಕು. ಗಾಡಿ ನಿಂತಲ್ಲೇ ನಿಂತಿದ್ದರೂ ರಬ್ಬರ್‌ಗೆ ವಯಸ್ಸಾಗುತ್ತದೆ. ಬೆಲ್ಟ್ ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ. ಓಡಲೆಂದೇ ಹುಟ್ಟಿದ ಯಂತ್ರ ಬೆಲೆ ಉಳಿಯಲೆಂದು ಷೆಡ್ಡಿನಲ್ಲಿ ಎಣ್ಣೆ ಸೋರದಂತೆ ತಡೆಯುವ ಸೀಲ್ ಒಣಗಿಸಿಕೊಂಡು ಕೂತಿರುವುದು ಕಂಡರೆ ಸಂಕಟವಾಗುತ್ತದೆ.

ನಂತರದ ಎಫ್430 ಮಾದರಿಗೆ ಬೆಲ್ಟಿನ ಜಾಗದಲ್ಲಿ ಚೈನ್ ಬಂದು ಬೆಲ್ಟಿನ ಖರ್ಚು ತಪ್ಪಿತು. ಆದರೆ ಅದರ ಎಫ್1 ಗೇರ್‌ಬಾಕ್ಸ್‌ಗೆ (ಕ್ಲಚ್ ಪೆಡಲ್ ಇಲ್ಲದೆ ಯಂತ್ರವೇ ಕ್ಲಚ್ ಒತ್ತುವ ಬಗೆ) ಇರುವುದು ಒಂದೇ ಕ್ಲಚ್. ಟ್ರಾಫಿಕ್‌ನಲ್ಲಿ ತೆವಳಿಸಿದರೆ, ಏರಿನಲ್ಲಿ ರಿವರ್ಸ್ ತೆಗೆದರೆ ಬೇಗ ಸವೆಯುತ್ತದೆ. ಎಷ್ಟು ಸವೆದಿದೆ ಎಂದು ಸ್ಕ್ಯಾನರ್ ಹಾಕಿಸಿ ನೋಡದೆ ಮುಂಗಡ ಕೊಡಬೇಡಿ. ಮಾರುವಾಗ ಅದೇ ಮಾದರಿಯ ಮ್ಯಾನುಯಲ್ ಗೇರ್ ಗಾಡಿಗೆ ಬೆಲೆ ಬಹಳ ಹೆಚ್ಚು, ಅಂಥವು ತಯಾರಾದದ್ದೇ ಕಡಿಮೆ. ಸಿಕ್ಕರೆ ಅದನ್ನೇ ಹಿಡಿಯಿರಿ.